ಕ್ಯಾಬ್ ಆ್ಯಪ್ ತೋರಿಸಿದ ದರ ನಾವು ಇಳಿಯುವವರೆಗೂ ಅಷ್ಟೇ ಇರುತ್ತಾ? 36 ಟ್ರಿಪ್‌ಗಳ ಲೆಕ್ಕ

ಅಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಒಂದು ಸಲ ಮಲಗಿದರೆ ಸುಮಾರು ನಾಲ್ಕು ಗಂಟೆ. ಹೋಗುವಾಗ ಒಂದು ಕ್ಯಾಬ್, ಬರುವಾಗ ಒಂದು ಕ್ಯಾಬ್, ಒಟ್ಟು ವಾರಕ್ಕೆ ಆರು ಟ್ರಿಪ್. ಇದು ಬೇಡ ಅಂತ ಬಿಡುವ ಖರ್ಚಲ್ಲ. ಮುಂದೂಡುವ ಖರ್ಚೂ ಅಲ್ಲ. ಹಾಗಾಗಿ ತಿಂಗಳ ಮೊದಲ ದಿನವೇ ಈ ದುಡ್ಡನ್ನು ಬೇರೆ ತೆಗೆದಿಡುತ್ತೇನೆ. ತೆಗೆದಿಟ್ಟದ್ದು ತಿಂಗಳ ಕೊನೆಗೆ ಸಾಲದೇ ಹೋದಾಗ, ಎಲ್ಲಿ ಸೋರಿತು ಅಂತ ನೋಡಲೇಬೇಕಾಯಿತು.

ನಾನು ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಬರೆದಿಡುವ ಅಭ್ಯಾಸ ಮೊದಲಿನಿಂದಲೂ ಇದೆ. ಆರು ವಾರ, 36 ಟ್ರಿಪ್, ಒಂದೇ ಆ್ಯಪ್. ಬುಕ್ ಮಾಡುವಾಗ ತೋರಿಸಿದ ದರ, ತೋರಿಸಿದ ಸಮಯ, ನಿಜವಾಗಿ ಹಿಡಿದ ಸಮಯ, ಕೊನೆಗೆ ಕೊಟ್ಟ ದರ, ಇಷ್ಟನ್ನೂ ನೋಟ್‌ಬುಕ್‌ನಲ್ಲಿ ಬರೆದೆ. ಪ್ರತಿ ಸಲವೂ ಬುಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಕೆಳಗೆ ಹಣದ ಮೊತ್ತ ಬರೆಯುತ್ತಿಲ್ಲ. ಪ್ರತಿ ಟ್ರಿಪ್‌ಗೂ ಮೊದಲು ತೋರಿಸಿದ ದರವನ್ನು 100 ಅಂತ ಇಟ್ಟುಕೊಂಡಿದ್ದೇನೆ. 118 ಅಂದರೆ ತೋರಿಸಿದ್ದಕ್ಕಿಂತ ನೂರಕ್ಕೆ 18 ಜಾಸ್ತಿ ಕೊಟ್ಟೆ ಅಂತ ಅರ್ಥ.

ನನಗೆ ಬೇಕಾಗಿದ್ದು ಒಂದೇ ಪ್ರಶ್ನೆಗೆ ಉತ್ತರ. ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದರೆ ದರ ಏರುತ್ತಾ, ಇಲ್ವಾ?

ಮೊದಲು ಫಲಿತಾಂಶ ಹೇಳಿಬಿಡುತ್ತೇನೆ. 36ರಲ್ಲಿ 26 ಸಲ ತೋರಿಸಿದ ದರವೇ ಕೊನೆಯ ದರ. ಒಂದು ಪೈಸೆಯೂ ಆಚೀಚೆ ಆಗಲಿಲ್ಲ. 10 ಸಲ ಬದಲಾಯಿತು. ಆ ಹತ್ತರಲ್ಲಿ ಬರೀ ಟ್ರಾಫಿಕ್‌ನಿಂದ ಬದಲಾಗಿದ್ದು ಒಂದೇ ಒಂದು ಸಲ. ಅದೇ ಎಲ್ಲಕ್ಕಿಂತ ದುಬಾರಿಯಾದ ಟ್ರಿಪ್. ಅದರ ಕಥೆಗೆ ಆಮೇಲೆ ಬರುತ್ತೇನೆ.

ನನ್ನಂತೆ ತುಂಬಾ ಜನ ಈ ದರವನ್ನು ಮೀಟರ್‌ನಂತೆಯೇ ಅಂದುಕೊಂಡಿರುತ್ತಾರೆ. ಸಿಗ್ನಲ್‌ನಲ್ಲಿ ಗಾಡಿ ನಿಂತರೆ ಎದೆ ಧಸಕ್ಕೆನ್ನುತ್ತದೆ. ಅಮ್ಮ ಅಂತೂ ಪ್ರತಿ ಕೆಂಪು ದೀಪಕ್ಕೂ ನನ್ನ ಮುಖ ನೋಡುತ್ತಿದ್ದಳು. ಅದು ಹಳೆಯ ಮೀಟರ್ ಕಲಿಸಿದ ಭಯ. ಆ ಭಯಕ್ಕೆ ಕಾರಣವೂ ಇತ್ತು. ಟ್ಯಾಕ್ಸಿಮೀಟರ್ ರೂಪುಗೊಂಡಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಜರ್ಮನಿಯಲ್ಲಿ. ಟ್ಯಾಕ್ಸಿ ಅನ್ನುವ ಹೆಸರು ಬಂದಿದ್ದೇ ಈ ಮೀಟರ್‌ನಿಂದ. ಮೀಟರ್ ಎರಡನ್ನು ಅಳೆಯುತ್ತದೆ: ದೂರ ಮತ್ತು ಹೊತ್ತು. ಗಾಡಿ ಓಡುತ್ತಿದ್ದರೆ ದೂರದ ಲೆಕ್ಕ. ನಿಂತರೆ ಅಥವಾ ತೆವಳಿದರೆ ಹೊತ್ತಿನ ಲೆಕ್ಕ. ಯಾವ ವೇಗದಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಗಬೇಕು ಅನ್ನುವುದೂ ದರದಲ್ಲೇ ಅಡಗಿರುತ್ತದೆ. ಕಿಲೋಮೀಟರಿಗೆ 3 ಪಾಲು, ನಿಮಿಷಕ್ಕೆ 1 ಪಾಲು ಅಂತ ಇಟ್ಟುಕೊಳ್ಳಿ. ಗಂಟೆಗೆ 60 ಪಾಲು ಹೊತ್ತಿನ ದುಡ್ಡು. 20 ಕಿಲೋಮೀಟರ್ ಓಡಿದರೂ 60 ಪಾಲು. ಹಾಗಾಗಿ ಗಂಟೆಗೆ 20 ಕಿಲೋಮೀಟರಿಗಿಂತ ನಿಧಾನವಾದ ಕೂಡಲೇ ಗಡಿಯಾರವೇ ದರ ಏರಿಸಲು ಶುರುಮಾಡುತ್ತದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಈ ಲೆಕ್ಕ ಕೊಟ್ಟೆ, ಖುಷಿಯಿಂದ ಮಾಡಿದರು.

ಆ್ಯಪ್‌ಗಳು ಬಂದಾಗಲೂ ಮೊದಮೊದಲು ಒಳಗಿನ ಲೆಕ್ಕ ಇದೇ ಆಗಿತ್ತು. ಸುಮಾರು ಇಷ್ಟರಿಂದ ಇಷ್ಟರೊಳಗೆ ಆಗಬಹುದು ಅನ್ನುವ ಅಂದಾಜು ಮಾತ್ರ ಸಿಗುತ್ತಿತ್ತು. ಇಳಿದ ಮೇಲೆ ನಿಜವಾದ ದೂರ, ನಿಜವಾದ ಹೊತ್ತು ಕೂಡಿಸಿ ಬಿಲ್. ಬೇಡಿಕೆ ಜಾಸ್ತಿ ಇದ್ದರೆ ಒಂದೂವರೆ ಪಟ್ಟು, ಎರಡು ಪಟ್ಟು ಅಂತ ಬೇರೆಯಾಗಿ ತೋರಿಸುತ್ತಿದ್ದರು. 2009ರಲ್ಲಿ ಶುರುವಾದ ಊಬರ್ 2016ರಲ್ಲಿ ಒಂದೇ ಅಂಕಿಯನ್ನು ಮೊದಲೇ ತೋರಿಸುವ ಪದ್ಧತಿಯನ್ನು ಪ್ರಕಟಿಸಿತು. ಅದನ್ನೇ ಅಪ್‌ಫ್ರಂಟ್ ಫೇರ್ ಅನ್ನುತ್ತಾರೆ. ಈಗ ಬೇರೆ ಎಷ್ಟೋ ಆ್ಯಪ್‌ಗಳಲ್ಲೂ ಇದೇ ಪದ್ಧತಿ ಇದೆ. ಮೊದಲೇ ದುಡ್ಡು ಕಟ್ಟಬೇಕು ಅಂತ ಅಲ್ಲ, ಎಷ್ಟಾಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ, ಅಷ್ಟೇ.

ಈ ಅಂಕಿ ಹೇಗೆ ಹುಟ್ಟುತ್ತದೆ ಅನ್ನುವುದು ಮುಖ್ಯ. ಆ್ಯಪ್ ಒಂದು ದಾರಿಯನ್ನು ಆರಿಸಿಕೊಳ್ಳುತ್ತದೆ. ಆ ದಾರಿಯಲ್ಲಿ ಈಗ ಗಾಡಿಗಳು ಎಷ್ಟು ವೇಗದಲ್ಲಿ ಹೋಗುತ್ತಿವೆ, ಇದೇ ಹೊತ್ತಿಗೆ ಸಾಮಾನ್ಯವಾಗಿ ಎಷ್ಟು ಹಿಡಿಯುತ್ತದೆ ಅಂತ ನೋಡುತ್ತದೆ. ಸುತ್ತ ಎಷ್ಟು ಜನ ಗಾಡಿ ಕೇಳುತ್ತಿದ್ದಾರೆ, ಎಷ್ಟು ಡ್ರೈವರ್‌ಗಳಿದ್ದಾರೆ ಅಂತಲೂ ಲೆಕ್ಕ ಹಾಕುತ್ತದೆ. ಅಂದರೆ ದಿನಾ ಇರುವ ಟ್ರಾಫಿಕ್‌ನ ದುಡ್ಡು ತೋರಿಸಿದ ದರದಲ್ಲೇ ಸೇರಿರುತ್ತದೆ! ಇದು ನನ್ನ ನೋಟ್‌ಬುಕ್‌ನಲ್ಲೂ ಚೆನ್ನಾಗಿ ಕಾಣುತ್ತದೆ. ನಮ್ಮದು 11 ಕಿಲೋಮೀಟರ್ ದಾರಿ. ಮೊದಲ ನಾಲ್ಕು ವಾರ ಬೆಳಿಗ್ಗೆ ಏಳೂಕಾಲಿಗೆ ಹೊರಡುತ್ತಿದ್ದೆವು, ಮಧ್ಯಾಹ್ನ ವಾಪಸ್. ಕೊನೆಯ ಎರಡು ವಾರ ಅಮ್ಮನ ಪಾಳಿ ಮಧ್ಯಾಹ್ನಕ್ಕೆ ಬದಲಾಯಿತು. ವಾಪಸ್ ಬರುವಾಗ ಸಂಜೆ ಆರು. ಅದೇ ದಾರಿ, ಅದೇ 11 ಕಿಲೋಮೀಟರ್. ಬೆಳಗಿನ ದರವನ್ನು 100 ಅಂದರೆ ಸಂಜೆ ತೋರಿಸುತ್ತಿದ್ದ ದರ 130ರ ಆಸುಪಾಸು. ಆ 30 ಏನು? ಸಂಜೆಯ ನೂಕುನುಗ್ಗಲಿನ ಬೆಲೆ. ಅದನ್ನು ಬುಕ್ ಮಾಡುವಾಗಲೇ ಒಪ್ಪಿಕೊಂಡಿರುತ್ತೇವೆ. ಹಾಗಾಗಿ ದಾರಿಯಲ್ಲಿ ನಿಂತಾಗ ಹೆದರಬೇಕಾಗಿಲ್ಲ. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದ ಮೇಲೆ ಅವಳು ಸಿಗ್ನಲ್‌ನಲ್ಲಿ ನನ್ನ ಮುಖ ನೋಡುವುದನ್ನು ಬಿಟ್ಟಳು. ಈಗ ಕಣ್ಣು ಮುಚ್ಚಿ ಒರಗಿಕೊಳ್ಳುತ್ತಾಳೆ. ಈ ಪದ್ಧತಿಯಿಂದ ನನಗೆ ಸಿಕ್ಕ ದೊಡ್ಡ ಲಾಭ ಇದೇ.

ಲೆಕ್ಕವನ್ನೇ ನೋಡಿ. 36ರಲ್ಲಿ 14 ಟ್ರಿಪ್‌ಗಳು ತೋರಿಸಿದ ಸಮಯಕ್ಕಿಂತ ಕನಿಷ್ಠ 10 ನಿಮಿಷ ತಡ. ಅವುಗಳಲ್ಲಿ 11 ಸಲ ದರ ಕದಲಲಿಲ್ಲ. ಒಂದು ದಿನ 32 ನಿಮಿಷ ಅಂತ ತೋರಿಸಿ 55 ನಿಮಿಷ ಹಿಡಿಯಿತು. ಅಂಡರ್‌ಪಾಸ್‌ನಲ್ಲಿ ಮಳೆನೀರು ನಿಂತಿತ್ತು, ಗಾಡಿಗಳು ಒಂದೊಂದಾಗಿ ದಾಟುತ್ತಿದ್ದವು. ದರ 100ಕ್ಕೆ 100. ಮೀಟರ್ ಇದ್ದಿದ್ದರೆ ಆ ದಿನ ಗಡಿಯಾರ ಸುಮ್ನೆ ಬಿಡುತ್ತಿರಲಿಲ್ಲ.

ಇನ್ನೊಂದು ಕಡೆಯನ್ನೂ ಹೇಳಬೇಕು. ಏಳು ಸಲ ನಾವು ಐದು ನಿಮಿಷಕ್ಕಿಂತ ಜಾಸ್ತಿ ಬೇಗ ತಲುಪಿದೆವು. ಒಂದು ಸಲವೂ ದರ ಇಳಿಯಲಿಲ್ಲ. ಕೆಲವರು ಇದನ್ನು ಮೋಸ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತಡವಾದಾಗ ಜಾಸ್ತಿ ಕೇಳಬೇಡಿ ಅನ್ನುವವಳು ಬೇಗ ಆದಾಗ ವಾಪಸ್ ಕೊಡಿ ಅನ್ನಬಾರದು.

ಹಾಗಾದರೆ ದರ ಬದಲಾಗಿದ್ದು ಯಾವಾಗ? ಹತ್ತರಲ್ಲಿ ಐದು ಸಲ ವೇಟಿಂಗ್ ಚಾರ್ಜ್. ಐದೂ ಮೊದಲ ಮೂರು ವಾರಗಳಲ್ಲಿ, ಐದೂ ವಾಪಸ್ ಬರುವಾಗ. ಡಯಾಲಿಸಿಸ್ ಮುಗಿದ ಮೇಲೆ ಸೂಜಿ ತೆಗೆದ ಜಾಗವನ್ನು ರಕ್ತ ನಿಲ್ಲುವವರೆಗೆ ಒತ್ತಿ ಹಿಡಿಯಬೇಕು. ಎದ್ದ ಕೂಡಲೇ ಕೆಲವೊಮ್ಮೆ ಬಿಪಿ ಇಳಿಯುತ್ತದೆ, ಸ್ವಲ್ಪ ಹೊತ್ತು ಕೂರಿಸುತ್ತಾರೆ. ನಾನು ಸೂಜಿ ತೆಗೆಯುವಾಗಲೇ ಬುಕ್ ಮಾಡಿಬಿಡುತ್ತಿದ್ದೆ. ಗಾಡಿ ಬಂದು ಗೇಟಿನಲ್ಲಿ ನಿಲ್ಲುತ್ತಿತ್ತು. ಡ್ರೈವರ್ ಬಂದು ಕೆಲವೇ ನಿಮಿಷ ಪುಕ್ಕಟೆ, ಆಮೇಲೆ ನಿಮಿಷದ ಲೆಕ್ಕ. ಒಂದು ದಿನ ಅದೇ ನೂರಕ್ಕೆ 9 ಸೇರಿತು. ಟ್ರಾಫಿಕ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಆದರೆ ಬಿಲ್‌ನಲ್ಲಿ ಒಟ್ಟು ಮೊತ್ತ ಮಾತ್ರ ನೋಡಿದರೆ ದಾರಿಯಲ್ಲಿ ತಡವಾಗಿದ್ದಕ್ಕೇ ಜಾಸ್ತಿ ಆಯಿತು ಅಂತ ಅನ್ನಿಸುತ್ತದೆ. ನಾನೂ ಮೊದಲ ಎರಡು ಸಲ ಹಾಗೇ ತಿಳಿದಿದ್ದೆ. ರಸೀದಿಯ ವಿವರ ತೆರೆದಾಗ ಗೊತ್ತಾಯಿತು. ಈಗ ಅಮ್ಮ ವೀಲ್‌ಚೇರ್‌ನಲ್ಲಿ ಗೇಟಿನ ಹತ್ತಿರ ಬಂದ ಮೇಲೆಯೇ ಬುಕ್ ಮಾಡುತ್ತೇನೆ. ನಾಲ್ಕನೇ ವಾರದಿಂದ ಒಂದು ಸಲವೂ ವೇಟಿಂಗ್ ಬಿದ್ದಿಲ್ಲ.

ಆದರೆ ಇಲ್ಲಿ ನನ್ನ ಮನಸ್ಸಿಗೆ ಒಪ್ಪದ ವಿಷಯವೊಂದಿದೆ. ನಿಧಾನವಾಗಿ ನಡೆಯುವವರಿಗೂ, ಫೋನ್ ನೋಡುತ್ತಾ ತಡ ಮಾಡುವವರಿಗೂ ಒಂದೇ ಗಡಿಯಾರ ಸರಿಯಾ? ಇದೇ ವಿಷಯಕ್ಕೆ ಅಮೆರಿಕದ ನ್ಯಾಯ ಇಲಾಖೆ 2021ರ ನವೆಂಬರ್‌ನಲ್ಲಿ ಊಬರ್ ಮೇಲೆ ಕೇಸು ಹಾಕಿತ್ತು. ಅಂಗವೈಕಲ್ಯದಿಂದಾಗಿ ಗಾಡಿ ಹತ್ತಲು ಹೆಚ್ಚು ಹೊತ್ತು ಬೇಕಾದವರಿಂದ ವೇಟಿಂಗ್ ಚಾರ್ಜ್ ತೆಗೆದುಕೊಳ್ಳುವುದು ತಾರತಮ್ಯ ಅಂತ. 2022ರ ಜುಲೈನಲ್ಲಿ ರಾಜಿಯಾಯಿತು. ಅಂಥವರು ತಮಗೆ ಹೆಚ್ಚು ಹೊತ್ತು ಬೇಕು ಅಂತ ತಿಳಿಸಿದರೆ ಆ ಚಾರ್ಜ್ ಬಿಡುವುದಕ್ಕೆ ಕಂಪನಿ ಒಪ್ಪಿತು. ನಾನು ಬಳಸುವ ಆ್ಯಪ್‌ನಲ್ಲಿ ಹಾಗೆ ತಿಳಿಸುವ ಜಾಗವನ್ನು ಎಲ್ಲ ಕಡೆ ಹುಡುಕಿದೆ. ಸಿಗಲಿಲ್ಲ. ಇದು ಬೇಕೇ ಬೇಕು.

ಒಂದು ಸಲ ಔಷಧಿ ಅಂಗಡಿಯ ಹತ್ತಿರ ನಿಲ್ಲಿಸಲು ಸ್ಟಾಪ್ ಸೇರಿಸಿದೆ, ದರ ಏರಿತು. ಆದರೆ ಏರುವ ಮೊದಲೇ ಹೊಸ ದರ ತೋರಿಸಿ ಒಪ್ಪಿಗೆ ಕೇಳಿತು, ನನಗೆ ಸಮಾಧಾನ. ಇನ್ನೊಂದು ಸಲ ಟೋಲ್ ಸೇರಿತು. ಅದೂ ಸರಿಯೇ.

ಎರಡು ಸಲ ದಾರಿ ಬದಲಾದದ್ದಕ್ಕೆ ದರ ಏರಿತು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ತೀರ್ಮಾನ ನಮ್ಮ ಕೈಯಲ್ಲೇ ಇರುತ್ತದೆ. ಎರಡನೇ ವಾರ. ಮುಂದೆ ಗಾಡಿಗಳ ಸಾಲು. ಡ್ರೈವರ್ ಕನ್ನಡಿಯಲ್ಲಿ ನೋಡಿ ಕೇಳಿದರು, "ಮೇಡಂ, ಹಿಂದಿನ ರಸ್ತೆಯಿಂದ ಹೋಗ್ಲಾ? ಒಂದು ನಾಲ್ಕು ಕಿಲೋಮೀಟರ್ ಜಾಸ್ತಿ ಆಗುತ್ತೆ, ಆದ್ರೆ ಬೇಗ ಹೋಗ್ಬಹುದು."

"ಹೋಗಿ ಅಣ್ಣ" ಅಂದೆ. ಬೇಗ ತಲುಪಿದೆವು ಅಂತಲೂ ಇಲ್ಲ, 12 ನಿಮಿಷ ತಡ. ದರ 118.

ಅಲ್ಲೇ ನಿಂತಿದ್ದರೆ ದರ 100ರಲ್ಲೇ ಇರುತ್ತಿತ್ತು. ಆ್ಯಪ್ ಕೊಟ್ಟ ಮಾತು ಒಂದು ದಾರಿಗೆ ಕಟ್ಟಿದ ಮಾತು. ಆ ದಾರಿ ಬಿಟ್ಟ ಕೂಡಲೇ ಮಾತು ಸಡಿಲವಾಗುತ್ತದೆ. ಸಣ್ಣಪುಟ್ಟ ತಿರುವಿಗೆ ಏನೂ ಆಗುವುದಿಲ್ಲ. ಒಂದು ಗಲ್ಲಿ ಆಚೀಚೆ ಆದ ದಿನಗಳಲ್ಲಿ ನನಗೆ ದರ ಬದಲಾಗಿಲ್ಲ. 11ಕ್ಕೆ 15 ಕಿಲೋಮೀಟರ್ ಆದರೆ ಬದಲಾಗುತ್ತದೆ. ಹಾಗಂತ ಯಾವಾಗಲೂ ನಿಂತಲ್ಲೇ ನಿಲ್ಲಬೇಕು ಅಂತ ಅಲ್ಲ. ಡಯಾಲಿಸಿಸ್ ಆದ ಮೇಲೆ ಅಮ್ಮನಿಗೆ ಕಾಲು ಸೆಳೆತ ಬರುತ್ತದೆ. ಅಂಥ ದಿನ 18 ಜಾಸ್ತಿ ಕೊಟ್ಟರೂ ಗಾಡಿ ಓಡುತ್ತಿರುವುದೇ ಮೇಲು. ಆದರೆ ಅದು ಗೊತ್ತಿದ್ದು ಹೇಳುವ "ಹೋಗಿ" ಆಗಿರಬೇಕು. ಡ್ರೈವರ್ ಕೇಳಿದಾಗ ಈಗ ನಾನು ಆ್ಯಪ್‌ನಲ್ಲಿ ಬದಲಿ ದಾರಿಯ ದೂರ ನೋಡಿ ಆಮೇಲೆ ಹೇಳುತ್ತೇನೆ. ಎರಡನೇ ಸಲ ಪೊಲೀಸರೇ ರಸ್ತೆ ಮುಚ್ಚಿದ್ದರು. ನಮಗೂ ಡ್ರೈವರ್‌ಗೂ ಬೇರೆ ದಾರಿಯೇ ಇರಲಿಲ್ಲ. ದರ 112. ಅದನ್ನು ನಾನು ಪ್ರಶ್ನಿಸಲಿಲ್ಲ.

ಈಗ ಆ ಒಂದು ಟ್ರಿಪ್.

ಐದನೇ ವಾರ, ಸಂಜೆ ಆರು ದಾಟಿತ್ತು. ತೋರಿಸಿದ ಸಮಯ 41 ನಿಮಿಷ. ಮೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಎಲ್ಲ ನಿಂತಿತು. ಮುಂದೆ ಫ್ಲೈಓವರ್ ಮೇಲೆ ಲಾರಿಯೊಂದು ಕೆಟ್ಟು ಅಡ್ಡ ನಿಂತಿತ್ತು. ಹಿಂದೆ ಹೋಗುವಂತಿಲ್ಲ, ಪಕ್ಕಕ್ಕೆ ತಿರುಗುವಂತಿಲ್ಲ. ಡ್ರೈವರ್ ಎಂಜಿನ್ ಆಫ್ ಮಾಡಿದರು. ಅಮ್ಮ ನನ್ನ ಮಡಿಲಲ್ಲಿ ತಲೆ ಇಟ್ಟು ಮಲಗಿದಳು. ನಾನು ಫೋನ್ ನೋಡುತ್ತಲೇ ಇದ್ದೆ. ತಲುಪುವ ಸಮಯ ಹಿಂದೆ ಹಿಂದೆ ಹೋಗುತ್ತಿತ್ತು. ದರ ಮಾತ್ರ ಅದೇ ಅಂಕಿ. ಒಂದು ಗಂಟೆ ಆಯಿತು, ಅದೇ ಅಂಕಿ. ಇವತ್ತೂ ಮಾತು ಉಳಿಸಿಕೊಂಡರು ಅಂದುಕೊಂಡೆ. ಮನೆ ತಲುಪಿದಾಗ ಒಟ್ಟು 1 ಗಂಟೆ 45 ನಿಮಿಷ. ಡ್ರೈವರ್ ಟ್ರಿಪ್ ಮುಗಿಸಿದರು. ಫೋನ್‌ನಲ್ಲಿ ಹೊಸ ಅಂಕಿ ಬಂತು. 141.

ರಸೀದಿಯಲ್ಲಿ ಒಂದು ಸಾಲು: ಪ್ರಯಾಣದ ಸಮಯ ಅಂದಾಜಿಗಿಂತ ಗಣನೀಯವಾಗಿ ಹೆಚ್ಚಾದ ಕಾರಣ ದರ ಬದಲಾಗಿದೆ.

ಕಸ್ಟಮರ್ ಕೇರ್‌ಗೆ ಬರೆದೆ. ಮೊದಲು ಬಂದಿದ್ದು ಸಿದ್ಧ ಉತ್ತರ. ಸ್ಕ್ರೀನ್‌ಶಾಟ್ ಹಾಕಿ ಮತ್ತೆ ಬರೆದೆ. ಎರಡು ದಿನದ ಮೇಲೆ ನಿಯಮದ ಸಾಲನ್ನು ಕಳಿಸಿದರು. ಆ ನಿಯಮವನ್ನು ಪೂರ್ತಿ ಓದಿದೆ. ಸ್ಟಾಪ್ ಸೇರಿಸಿದರೆ, ಇಳಿಯುವ ಜಾಗ ಬದಲಿಸಿದರೆ, ದಾರಿ ಅಥವಾ ಪ್ರಯಾಣದ ಅವಧಿ ಗಣನೀಯವಾಗಿ ಬದಲಾದರೆ, ಲೆಕ್ಕಕ್ಕೆ ಬಾರದ ಟೋಲ್ ಬಂದರೆ ದರ ಬದಲಾಗಬಹುದು ಅಂತ ಇದೆ. ಇಂಥ ಷರತ್ತು ಈ ಆ್ಯಪ್‌ನಲ್ಲಿ ಮಾತ್ರ ಇರುವುದಲ್ಲ. ಊಬರ್‌ನ ನಿಯಮದಲ್ಲೂ ದಾರಿ ಮತ್ತು ಅವಧಿಯ ದೊಡ್ಡ ಬದಲಾವಣೆ ಅನ್ನುವ ಮಾತು ಇದೆ. ನಿಯಮ ಇದೆ, ಒಪ್ಪಿಕೊಂಡೇ ಬುಕ್ ಮಾಡಿದ್ದೇನೆ, ಸರಿ. ಆದರೆ ಗಣನೀಯ ಅಂದರೆ ಎಷ್ಟು? 55 ನಿಮಿಷ ಆದ ದಿನ ಅದು ಗಣನೀಯ ಆಗಲಿಲ್ಲ. 1 ಗಂಟೆ 45 ನಿಮಿಷಕ್ಕೆ ಆಯಿತು. ಗೆರೆ ಇವೆರಡರ ನಡುವೆ ಎಲ್ಲೋ ಇದೆ. ಎಲ್ಲಿ? ಮೂರು ಸಲ ಕೇಳಿದೆ. ಅಂಕಿ ಕೊಡಲಿಲ್ಲ.

ನನಗೆ ನೋವಾಗಿದ್ದು 41 ಜಾಸ್ತಿ ಕೊಟ್ಟಿದ್ದಕ್ಕಲ್ಲ. ಅಷ್ಟು ಹೊತ್ತು ಒಬ್ಬ ಮನುಷ್ಯ ನಮಗೋಸ್ಕರ ಗಾಡಿಯಲ್ಲಿ ಕೂತಿದ್ದರು. ಅವರ ಹೊತ್ತಿಗೆ ಬೆಲೆ ಇದೆ. ನೋವಾಗಿದ್ದು ಒಂದು ಗಂಟೆ ಕಾಲ ಹಳೆಯ ಅಂಕಿಯನ್ನೇ ತೋರಿಸಿ, ಇಳಿಯುವಾಗ ಬೇರೆ ಹೇಳಿದ್ದಕ್ಕೆ. ಸ್ಟಾಪ್ ಸೇರಿಸಿದಾಗ ಮೊದಲೇ ಕೇಳುವ ಆ್ಯಪ್‌ಗೆ ಇದನ್ನು ಹೇಳುವುದು ಕಷ್ಟವಾ? ಗಾಡಿ ನಿಂತಿದ್ದು ಅದಕ್ಕೆ ಗೊತ್ತಿತ್ತು. ಸಮಯವನ್ನು ಗಳಿಗೆ ಗಳಿಗೆಗೂ ತಿದ್ದುತ್ತಿತ್ತು. "ಇನ್ನು ಮುಂದೆ ದರ ಏರಬಹುದು" ಅಂತ ಒಂದು ಸಾಲು ಸಾಕಿತ್ತು. ಕೈಯಲ್ಲಿ ಎಣಿಸಿದ ದುಡ್ಡು ಮಾತ್ರ ಇಟ್ಟುಕೊಂಡು ಹತ್ತಿದವರು ಮನೆ ಬಾಗಿಲಲ್ಲಿ ಏನು ಮಾಡಬೇಕು?

ಆ ದಿನ ಡ್ರೈವರ್‌ಗೆ ಕೇಳಿದೆ, "ಇದರಲ್ಲಿ ನಿಮಗೆ ಎಷ್ಟು ಬರುತ್ತೆ ಅಣ್ಣ?" ಅವರು ತಮ್ಮ ಫೋನ್ ತೋರಿಸಿದರು. ಅವರಿಗೂ ಏರಿತ್ತು, ಆದರೆ ನಾನು ಜಾಸ್ತಿ ಕೊಟ್ಟಷ್ಟು ಅಲ್ಲ. ಅಂಡರ್‌ಪಾಸ್‌ನಲ್ಲಿ 55 ನಿಮಿಷ ಆದ ದಿನದ ಡ್ರೈವರ್‌ಗೆ ಏನೂ ಏರಿರಲಿಲ್ಲ. ಅವರ ಮಾತು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೇನೆ. "ನಿಮ್ಗೂ ಅಷ್ಟೇ, ನಂಗೂ ಅಷ್ಟೇ ಮೇಡಂ. ಆದ್ರೆ ಅಷ್ಟೊತ್ತಲ್ಲಿ ಇನ್ನೊಂದು ಟ್ರಿಪ್ ಹೊಡೀತಿದ್ದೆ."

ಇದನ್ನು ಕೇಳಿದ ಮೇಲೆ ನನ್ನ ಲೆಕ್ಕದ ರೀತಿ ಬದಲಾಯಿತು. ದರ ಕದಲದ ಆ 11 ತಡದ ಟ್ರಿಪ್‌ಗಳನ್ನು ನಾನು ಲಾಭ ಅಂತ ಬರೆದುಕೊಂಡಿದ್ದೆ. ನಿಂತ ಹೊತ್ತಿನ ಖರ್ಚು ಎಲ್ಲೋ ಹೋಗಿ ಸೇರಲೇಬೇಕು. ಡ್ರೈವರ್‌ಗೆ ಹೇಗೆ ಕೊಡುತ್ತಾರೆ ಅನ್ನುವುದು ಎಲ್ಲ ಕಡೆ ಒಂದೇ ಥರ ಇಲ್ಲ. ಕೆಲವು ಕಡೆ ನಿಜವಾಗಿ ಓಡಿದ ದೂರ, ಹಿಡಿದ ಹೊತ್ತು ನೋಡಿ ಕೊಡುತ್ತಾರೆ. ಕೆಲವು ಕಡೆ ಡ್ರೈವರ್‌ಗೂ ಮೊದಲೇ ಒಂದು ಅಂಕಿ ತೋರಿಸುತ್ತಾರೆ. ಎರಡನೆಯ ರೀತಿಯಲ್ಲಿ, ಕಂಪನಿ ಭರಿಸದಿದ್ದರೆ, ಟ್ರಾಫಿಕ್‌ನ ಭಾರ ಬೀಳುವುದು ಡ್ರೈವರ್ ಮೇಲೆ. ಕೆಲವು ಡ್ರೈವರ್‌ಗಳು ಸಂಜೆ ಹೊತ್ತಿಗೆ ಬುಕಿಂಗ್ ಒಪ್ಪಿಕೊಂಡು ಆಮೇಲೆ ಕ್ಯಾನ್ಸಲ್ ಮಾಡುತ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನಗೆ ಅನ್ನಿಸುತ್ತದೆ. ಈಗ ಬರೀ ಟ್ರಾಫಿಕ್‌ನಿಂದ ತುಂಬಾ ತಡವಾದ ದಿನ ಆ್ಯಪ್‌ನಲ್ಲಿರುವ ಟಿಪ್ ಜಾಗದಲ್ಲಿ ಸ್ವಲ್ಪ ಸೇರಿಸುತ್ತೇನೆ. ತಿಂಗಳ ಲೆಕ್ಕದಲ್ಲಿ ಅದಕ್ಕೂ ಜಾಗ ಮಾಡಿದ್ದೇನೆ. ಇದು ನನ್ನ ಇಷ್ಟ, ಎಲ್ಲರೂ ಮಾಡಬೇಕು ಅಂತ ಹೇಳುವುದಿಲ್ಲ. ಕಂಪನಿಯೇ ಮಾಡಬೇಕಾದ ಕೆಲಸ ಅಂತ ಮಾತ್ರ ಹೇಳುತ್ತೇನೆ.

ಒಂದು ಸಣ್ಣ ವಿಷಯ ಬಿಟ್ಟುಹೋಯಿತು. ಬದಲಾಗದೆ ನಿಲ್ಲುವ ದರ ಅಂದರೆ ಬುಕ್ ಬಟನ್ ಒತ್ತುವ ಗಳಿಗೆಯಲ್ಲಿ ತೋರಿಸಿದ ದರ. ಹತ್ತು ನಿಮಿಷ ಮೊದಲು ಸುಮ್ನೆ ತೆರೆದು ನೋಡಿದ್ದು ಲೆಕ್ಕಕ್ಕಿಲ್ಲ. ಡ್ರೈವರ್ ಕ್ಯಾನ್ಸಲ್ ಮಾಡಿ ನಾವೇ ಮತ್ತೆ ಬುಕ್ ಮಾಡಿದರೂ ಹೊಸ ದರ ಬರುತ್ತದೆ. ಮನೆಯವರಿಗೆ ಇಷ್ಟಾಗುತ್ತದೆ ಅಂತ ಫೋನ್‌ನಲ್ಲಿ ಹೇಳಿ ಆಮೇಲೆ ಬುಕ್ ಮಾಡುವವರು ಇದನ್ನು ಗಮನಿಸಿ.

ಈ ಆ್ಯಪ್‌ಗೆ ಐದು ಅಂಕಗಳಲ್ಲಿ ನಾನು ಕೊಡುವುದು ಮೂರೂವರೆ. ದಿನನಿತ್ಯದ ಟ್ರಾಫಿಕ್‌ನಲ್ಲಿ ದರ ಗಟ್ಟಿಯಾಗಿ ನಿಂತಿದ್ದಕ್ಕೆ ಮೂರು. ರಸೀದಿಯಲ್ಲಿ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ತೋರಿಸುವುದಕ್ಕೆ ಅರ್ಧ. ಗಣನೀಯ ಅನ್ನುವ ಪದದ ಜಾಗದಲ್ಲಿ ಒಂದು ಅಂಕಿ ಬರೆದು, ಆ ಗೆರೆ ದಾಟುವ ಮೊದಲು ಗಾಡಿಯೊಳಗೇ ತಿಳಿಸಿದರೆ ನಾಲ್ಕೂವರೆ ಕೊಡುತ್ತೇನೆ.

ನಾಳೆ ಮತ್ತೆ ಹೋಗಬೇಕು. ಆ್ಯಪ್ ಬದಲಿಸುತ್ತಿಲ್ಲ. ನೋಟ್‌ಬುಕ್‌ನಲ್ಲಿ ಇನ್ನೊಂದು ಕಾಲಂ ಹಾಕಿದ್ದೇನೆ: ಡ್ರೈವರ್‌ಗೆ ಬಂದದ್ದು ಎಷ್ಟು, ಅವರು ಹೇಳಲು ಒಪ್ಪಿದರೆ.